ಎರಡು ಸೈಜು ದೊಡ್ಡ ಸ್ವೆಟರು

…ಕೂಗಿತು ಅಂದ್ರೆ ಕೂಗಿತು! ಯಂತ್ರದ ಬಾಗಿಲು ದಾಟಿದ್ರಲ್ಲ, ಆಗ ಕೂಗಿತು. ನಿಮಗೆ ಕೇಳಿಸದಿದ್ರೆ ನಾನೇನು ಮಾಡ್ಲಿ? ಈ ಮಣೆ ಮೇಲೆ ಹತ್ತಿ ನಿಂತ್ಕೊಳ್ಳಿ. ಪರದೆ ಎಳೀತೀನಿ. ಕೈ ಅಗಲ ಮಾಡಿ. ಇನ್ನೂ… ಇನ್ನೂ ಅಗಲ. ಹಾಂ, ಹಾಗೆ.

ಯಾಕೆ ಕಣ್ಣು ಕಿರಿದು ಮಾಡಿ ನೋಡ್ತೀರಾ? ಗುರುತು ಸಿಕ್ತಾ? ಸಿಗದೆ ಏನು! ನಾಲ್ಕು ವರ್ಷ ನಿಮ್ಮ ಮನೇಲಿ ಸೊಸೆ ಅನ್ನಿಸ್ಕೊಂಡು ಪಾತ್ರೆ ತಿಕ್ಕಿದೋಳ ಮುಖ ಅಷ್ಟು ಬೇಗ ಮರೆಯುತ್ತಾ, ಅತ್ತೆ? ಪ್ರಯಾಣಿಕರನ್ನ ಮೇಡಂ ಅನ್ನಬೇಕು ಅಂತ ಈ ಏರ್‌ಪೋರ್ಟಲ್ಲಿ ನಿಯಮ. ನಿಮ್ಮನ್ನ ಅನ್ನಲ್ಲ. ಹೋಗಿ, ದೂರು ಕೊಡಿ!

ತಿರುಗಿ. ಸೊಂಟದಲ್ಲಿ ಏನದು ಗಂಟು? ಬಿಚ್ಚಿ. ಬಿಚ್ಚಿ ಅಂದೆ! …ಲವಂಗ. ಇಷ್ಟೇನಾ? ಇದಕ್ಕೆ ಇಷ್ಟು ಭದ್ರ ಗಂಟು!

ನಾಚಿಕೆ ಆಗುತ್ತಾ? ನನಗೂ ಆಗ್ತಿತ್ತು. ತವರಿಂದ ಬಂದಾಗೆಲ್ಲ ನನ್ನ ಚೀಲನ ನಡುಮನೇಲಿ ಸುರೀತಿದ್ರಲ್ಲ, ಮಾವನ ಮುಂದೆ, ಪಕ್ಕದ ಮನೆಯೋರ ಮುಂದೆ. ಒಳಬಟ್ಟೆನೂ ಕೊಡವಿ ಕೊಡವಿ ನೋಡ್ತಿದ್ರಿ. ‘ಮನೆ ಅಂದ ಮೇಲೆ ಒಳಗೇನು ಬರುತ್ತೆ, ಹೊರಗೇನು ಹೋಗುತ್ತೆ ನೋಡ್ಬೇಕಮ್ಮ’ ಅಂತ. ಅದೇ ಕೆಲಸಕ್ಕೆ ನನಗಿಲ್ಲಿ ಸಂಬಳ ಕೊಡ್ತಾರೆ, ನೋಡಿ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಗು ಬರಲ್ವಾ? ನನಗೆ ಬರುತ್ತಪ್ಪ. ನಾನಾದ್ರೂ ಪರದೆ ಎಳೆದಿದ್ದೀನಿ, ನೀವು ಅಷ್ಟೂ ಮಾಡಲಿಲ್ಲ.

ಹೊರಗೇನು ನೋಡ್ತೀರಾ? ನಿಮ್ಮ ಮೊಮ್ಮಗಳು ಎಲ್ಲೂ ಹೋಗಲ್ಲ. ಅಲ್ಲೇ ಬೆಂಚ್ ಹತ್ರ ಇದ್ದಾಳೆ, ನನ್ನ ಜೊತೆಯವಳು ನೋಡ್ಕೊಳ್ತಿದ್ದಾಳೆ. ನಾನ್ಯಾಕೆ ನೋಡ್ಲಿ? ನನಗೇನು ಸಂಬಂಧ? ಕೋರ್ಟಲ್ಲಿ ನೀವೇ ಅಂದ್ರಲ್ಲ, ‘ರಾತ್ರಿ ಪಾಳಿ ಹೆಂಗಸು, ಊರವರ ಮೈ ತಡವೋ ಕೈ, ಈ ಕೈಯಲ್ಲಿ ಮಗು ಬೆಳೆಯುತ್ತಾ ಸ್ವಾಮಿ’ ಅಂತ. ಎರಡು ತುಂಬಿರಲಿಲ್ಲ ಅವಳಿಗೆ! ತಿಂಗಳಿಗೊಂದು ಸಲ ಬಂದು ನೋಡ್ಬಹುದು ಅಂದ್ರು ಜಡ್ಜು. ನಾನು ಬರೋ ಹೊತ್ತಿಗೆ ನೀವು ಮನೆಗೆ ಬೀಗ ಹಾಕಿ ಊರೇ ಬಿಟ್ಟಿದ್ರಿ.

ಇವತ್ತು ಅದೇ ಕೈ ತಡವಿತು ಅವಳನ್ನ. ನಿಮಗಿಂತ ಮುಂಚೆ ಅವಳೇ ಬಂದಳಲ್ಲ ನನ್ನ ಮುಂದೆ. ಕೈ ಎತ್ತು ಕಂದ ಅಂದೆ, ಎತ್ತಿದಳು. ಮೊಣಕೈ ನನ್ನ ಹಾಗೇ ಚೂಪು. ಹೋಗ್ತಾ ಏನಂದಳು ಗೊತ್ತಾ? ‘ಥ್ಯಾಂಕ್ಯೂ ಆಂಟಿ.’ …ಆಂಟಿ! ನನ್ನ ಒಂದು ಫೋಟೋನೂ ತೋರಿಸಿಲ್ವಾ ಅವಳಿಗೆ? ಒಂದೂ? ನೆಲ ಯಾಕೆ ನೋಡ್ತೀರಾ, ನನ್ನನ್ನ ನೋಡಿ!

ನಿಮ್ಮ ಬ್ಯಾಗೂ ನಾನೇ ಬಿಚ್ಚಿಸಿದ್ದು. ಯಾಕಾ? ಅನುಮಾನ ಬಂತು, ಬಿಚ್ಚಿಸಿದೆ. ಕೇಳೋರ್ಯಾರು? ಅವಳ ಸ್ವೆಟರುಗಳನ್ನ ನೋಡಿದೆ. ಎಲ್ಲಾ ಹೊಸದು, ಎಲ್ಲಾ ಎರಡು ಸೈಜು ದೊಡ್ಡದು. ಬರೀ ರಜಕ್ಕೆ ಹೋಗೋ ಮಗೂಗಾದ್ರೆ ಮುಂದಿನ ವರ್ಷದ ಅಳತೆ, ಅದರಾಚೆ ವರ್ಷದ ಅಳತೆ ಯಾಕೆ ಅತ್ತೆ? ಸಮುದ್ರದಾಚೆ ಅಪ್ಪನ ಹತ್ರಾನೇ ಬೆಳೀಲಿ, ಹೆತ್ತವಳ ಕಣ್ಣಿಗೆ ಬೀಳೋದೇ ಬೇಡ ಅಂತ ತಾನೆ? ಮಾತಾಡಿ! ಆಗ ಬಾಯಿ ತೆಗೆದ್ರೆ ಬೆಂಕಿ ಉಗುಳ್ತಿದ್ರಲ್ಲ!

…ಕೇಳಿಸ್ತಾ? ನಿಮ್ಮ ವಿಮಾನದ್ದೇ, ಕೊನೇ ಕರೆ. ಆಯ್ತು, ಇಳೀರಿ. ಹೋಗಿ.

ಬಂದೆ ಕಣೇ, ಒಂದ್ನಿಮಿಷ ತಡಿ! …ನನ್ನ ಜೊತೆಯವಳು, ಇಷ್ಟೊತ್ತಾ ಅಂತ ಕರೀತಿದ್ದಾಳೆ. ಹೋಗಿ ಅಂದೆನಲ್ಲ, ಯಾಕೆ ಇಳೀತಿಲ್ಲ? ನನ್ನ ಕೈಯಲ್ಲಿರೋ ಡಿಟೆಕ್ಟರ್ನ ಯಾಕೆ ಹಾಗೆ ನೋಡ್ತೀರಾ? ಇದರ ದೀಪ ಹತ್ತಲೇ ಇಲ್ಲ ಅಂತಾನಾ? ಹೂಂ, ಹತ್ತಲಿಲ್ಲ! ಇದೂ ಕೂಗಲಿಲ್ಲ, ಆ ಬಾಗಿಲೂ ಕೂಗಲಿಲ್ಲ! ನಿಮಗೆ ಆಗಲೇ ಗೊತ್ತಿತ್ತು, ಅಲ್ವಾ? ಗೊತ್ತಿದ್ದೂ ಒಳಗೆ ಬಂದ್ರಿ… ಹಾಗಾದ್ರೆ ಕಿರುಚಿ! ಅಧಿಕಾರಿನ ಕರೀರಿ, ನನ್ನ ಕೆಲಸ ತೆಗೆಸಿ. ಏನಾದ್ರೂ ಮಾಡಿ, ಹೀಗೆ ಸುಮ್ಮನೆ ನೋಡ್ಬೇಡಿ!

ನಿಮ್ಮನ್ನ ಬಿಟ್ರೆ ಅವಳು ಹೋಗ್ತಾಳೆ. ಅಷ್ಟೇ. ನೀವು ಇಲ್ಲಿ ನಿಂತಿರೋವರೆಗೂ ಅವಳು ಅಲ್ಲಿ ನಿಂತಿರ್ತಾಳೆ. ಈ ಪರದೆ ಸಂದಿಯಿಂದ ಕಾಣಿಸ್ತಾಳೆ… ಬೆಂಚಿನ ಮೇಲೆ ಕಾಲಿಟ್ಟು ಶೂ ಲೇಸ್ ಕಟ್ಕೊಳ್ತಿದ್ದಾಳೆ. ಅದಕ್ಕೇ ಹಿಡಿದಿಟ್ಟೆ ನಿಮ್ಮನ್ನ. ಸಾಕಾ? ಈಗ ಹೊಟ್ಟೆ ತಣ್ಣಗಾಯ್ತಾ?

…ಇದೇನು ಮಾಡ್ತಿದ್ದೀರಾ? ತುರುಬಿಗೆ ಯಾಕೆ ಕೈ ಹಾಕಿದ್ರಿ? ತಲೆ ನೋಡ್ಬೇಕು ಅಂತ ನಾನು ಹೇಳಲಿಲ್ಲವಲ್ಲ. ಆ ಸಂದಿ ಕಡೆ ನೋಡು ಅಂತ ಯಾಕೆ ಕಣ್ಸನ್ನೆ ಮಾಡ್ತೀರಾ? ಅತ್ತೆ… ವಿಮಾನ ಹೊರಡುತ್ತೆ, ಅತ್ತೆ. ಒಂದೊಂದೇ ಪಿನ್ನನ್ನ ಇಷ್ಟು ನಿಧಾನಕ್ಕೆ ಯಾಕೆ ತೆಗೀತಿದ್ದೀರಾ?