ಕಡವಿನ ಮನೆಯ ಲಾಟೀನು

ರಾತ್ರಿ ಹತ್ತೂವರೆ ಆಗಿರಬಹುದು. ಒಂದು ಕೈಯಲ್ಲಿ ಅಪ್ಪನ ಕಾಲದ ಲಾಟೀನು, ಇನ್ನೊಂದು ಕೈಯಲ್ಲಿ ಅರ್ಧ ಬಾಟ್ಲಿ ಚಿಮಣಿ ಎಣ್ಣೆ ಹಿಡಿದುಕೊಂಡು ಕುಸುಮ ಗೋಳಿಮರದ ಹತ್ತಿರ ಬಂದಳು. ಬಂದವಳು... ನಿಂತಳು.

ಟಿಕ್... ಟಿಕ್... ಟಿಕ್...

ಗೋಳಿಮರಕ್ಕೆ ಆ ಶಬ್ದ ಇಲ್ಲ. ಹಣ್ಣು ಬಿದ್ದರೆ ಪಟ್, ಬಾವಲಿ ಎದ್ದರೆ ಒದ್ದೆ ಬಟ್ಟೆ ಕೊಡವಿದ ಹಾಗೆ ಪಡಪಡ, ಅಷ್ಟೇ. ಇದು ಕಾದ ಕಬ್ಬಿಣ ತಣಿಯುವ ಶಬ್ದ. ಮರದ ಬುಡದಲ್ಲಿ ಜೆಸಿಬಿ ನಿಂತಿತ್ತು. ಮೇಲೆ, ಕ್ಯಾಬಿನ್ನಿನಲ್ಲಿ, ಬೀಡಿಯ ಕೆಂಪು ಚುಕ್ಕೆ.

"ಹ್ವಾಯ್, ಯಾರದ್?"

"ನಾನ್ ಅಕ್ಕ... ಡ್ರೈವರ್. ಹಾಲಾಡಿ ಪ್ರವೀಣ."

"ಈ ಹೊತ್ತಿಗೆ ಎಂತಕೆ ಬಂದದ್ದ್?"

"ನಂಗೆಂತ ಗೊತ್ತಿತ್ತ್? ಆ ಮನಿ ದೀಪ ಆರ್ರೆ ಫೋನ್ ಮಾಡ್ ಅಂದಿರ್. ದೀಪ ಇದ್ರೆ ಒಳಗೆ ಜನ ಇದ್ರ್ ಅಂದೇಳಿ ಲೆಕ್ಕ ಅಂಬ್ರು. ಜನ ಇದ್ರೆ ಕೆಡುಗುಕಾಗ."

"ಹಂಗಾರೆ ನಿಂಗೆ ಬೆಳಗಿನ ವರೆಗೆ ಕೆಲ್ಸ ಇಲ್ಲೆ. ಮನೀಕೋ."

"ಹಂಗೇ ಆಯ್ಲಿ ಅಕ್ಕ. ನಂಗೂ ನಿದ್ರಿ ಬತ್ತಾ ಇತ್ತ್."

ಕೆಡವಲು ಬಂದವನಿಗೂ ಕಾಯಲು ಹೊರಟವಳಿಗೂ ಅಷ್ಟು ಸೌಹಾರ್ದ ಇತ್ತು. ಕುಸುಮ ಮುಂದೆ ನಡೆದಳು.

ಕುಸುಮ ನಮ್ಮ ಬೇಲಿಯಾಚೆಯವಳು. ಅಂಗನವಾಡಿ ಟೀಚರ್. ಅವಳ ಅಪ್ಪ ಬಚ್ಚ, ಜನ ಹೊಳೆ ದಾಟುವ ಈ ಕಡವಿನ ಕೊನೆಯ ದೋಣಿಯವ. ಹೆಮ್ಮಾಡಿಯಿಂದ ಪಡುವಣಕ್ಕೆ ಬಂದ ರಸ್ತೆ ಹೊಳೆಯೆದುರು ಮುಗಿದುಹೋಗುವಲ್ಲಿ ಕಡವಿನ ಮನೆ ಇದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಹಿಂದೆ ಒಂದೇ ಒಂದು ಕೋಣೆ, ಹೊಳೆಯ ಕಡೆಗೆ ಉದ್ದಕ್ಕೆ ಜಗಲಿ. ಜಗಲಿಯಲ್ಲಿ ಹಲಸಿನ ಹಲಗೆಯ ಬೆಂಚು. ಆಚೆ ದಡದವರು ಈಚೆ ಬಂದು ಬಸ್ಸಿಗೆ, ಈಚೆಯವರು ಆಚೆ ಹೋಗಲು ದೋಣಿಗೆ, ನೂರು ವರ್ಷ ಆ ಬೆಂಚಿನ ಮೇಲೆ ಕೂತು ಕಾದಿದ್ದಾರೆ. ಸೇತುವೆ ಬಂತು, ದೋಣಿ ಹೋಯಿತು, ಬಚ್ಚನೂ ಹೋದ. ಮನೆ ಮಾತ್ರ ನಿಂತಿತ್ತು.

ಈಗ ಅಲ್ಲಿ ಬೋಟಿಂಗ್ ಪಾಯಿಂಟ್ ಮಾಡುತ್ತಾರಂತೆ. ದೋಣಿ ಹತ್ತಿಸುವ ಜಾಗ ಮಾಡುವುದಕ್ಕೆ ದೋಣಿ ಹತ್ತಿಸಿದ ಮನೆಯನ್ನೇ ಕೆಡವುವುದು. ಇಂಥ ಯೋಜನೆಗೆ ತಲೆ ಬೇಕು. 'ಉಪಯೋಗದಲ್ಲಿಲ್ಲದ, ಜನರಿಲ್ಲದ ಶಿಥಿಲ ಕಟ್ಟಡ' ಎಂದು ಪಂಚಾಯತಿನವರು ನೋಟೀಸು ಅಂಟಿಸಿದರು. ಊರಿನವರಿಗೆ ಸಿಟ್ಟು ಬಂತು. ರಿಟಾಯರ್ಡ್ ಗೋವರ್ಧನ ಮಾಷ್ಟ್ರು ಅಧ್ಯಕ್ಷರಾಗಿ ಕಡವಿನ ಮನೆ ಉಳಿಸಿ ಸಮಿತಿ ಆಯಿತು. ಒಡೆದ ಹಂಚು ಬದಲಿಸಿದರು, ಜಗಲಿ ಗುಡಿಸಿದರು, ಸಹಿ ಸಂಗ್ರಹಿಸಿದರು, ಕೋರ್ಟಿಗೆ ಹೋದರು. ಆ ದಿನ ಮಧ್ಯಾಹ್ನ ತಡೆಯಾಜ್ಞೆಯೂ ಸಿಕ್ಕಿತು. ಆದರೆ ನಕಲು ಕೈಗೆ ಬರುವುದು ಮಾರನೆ ದಿನ ಬೆಳಿಗ್ಗೆ.

ಅಂದರೆ ಕೆಡವುವವರಿಗೆ ಉಳಿದದ್ದು ಅದೊಂದು ರಾತ್ರಿ. ಕಾಯುವವರಿಗೂ ಅದೊಂದೇ ರಾತ್ರಿ.

ಜಗಲಿಯಲ್ಲಿ ಜಲಜಕ್ಕ ಆಗಲೇ ಮೇಣದ ಬತ್ತಿಯ ತುಂಡೊಂದನ್ನು ಹಚ್ಚಿ, ಚಾಪೆ ಬಿಡಿಸಿ ಕೂತಿದ್ದಳು. ಜಲಜಕ್ಕ ಬ್ರಹ್ಮಾವರದ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಗಂಟಲು ಒಂದು ಫರ್ಲಾಂಗ್ ಹೋಗುತ್ತದೆ.

"ಸಮಿತಿ ವಾಟ್ಸಾಪಲ್ಲಿ ಎಷ್ಟ್ ಜನ ಕುಸುಮಾ?"

"ನೂರಾ ನಲ್ವತ್ತೊಂದ್."

"ಇಲ್ಲಿ?"

"ಇಬ್ರ್."

"ಉಳ್ದವ್ರ್ ಹೆಬ್ಬೆಟ್ ಎತ್ತಿ ತೋರ್ಸಿ, ಅಶೋಕನ ಮಗಳ ಮೆಹಂದಿಗೆ ಹೋಯಿರ್. ಕೇಣ್, ಡೀಜೆ."

ದೂರದಲ್ಲಿ ಡುಂ ಡುಂ ಕೇಳುತ್ತಿತ್ತು. ಮಾಷ್ಟ್ರಿಗೆ ಫೋನ್ ಮಾಡಿ ಜೆಸಿಬಿ ಬಂದದ್ದನ್ನು ಹೇಳಲು ನೋಡಿದರೆ, ಅವರು ಆಚೆಯಿಂದ "ಊಟ ಆಯ್ತಾ?" ಎಂದು ಕೂಗಿ ಇಟ್ಟುಬಿಟ್ಟರು.

ಹಿಂದಿನ ರಾತ್ರಿಗಳಲ್ಲಿ ಇಬ್ಬಿಬ್ಬರು ಕಾವಲು ಮಲಗುವಾಗ ಬಲ್ಬು ಉರಿಯುತ್ತಿತ್ತು. ಆ ದಿನ ಸಂಜೆ ಯಾರೋ ಕರೆಂಟಿನ ವೈರು ತುಂಡು ಮಾಡಿದ್ದರು. ಅದಕ್ಕೇ ಲಾಟೀನು. ಕುಸುಮ ಎಣ್ಣೆ ಹೊಯ್ದು ಬತ್ತಿ ಹಚ್ಚಿದಳು. ಅರೆಗತ್ತಲೆಯಲ್ಲಿ ಕೈ ತಾನಾಗಿಯೇ ಮೇಲೆ ಹೋಯಿತು... ಹೊಳೆಯ ಬದಿಯ ಮಾಡಿನ ಪಕಾಸಿಗೆ ಹೊಡೆದ ಕಬ್ಬಿಣದ ಕೊಕ್ಕೆ. ಅಪ್ಪ ತೂಗುಹಾಕುತ್ತಿದ್ದ ಜಾಗ. ತೂಗುಹಾಕಿದಳು. ಬೆಳಕು ನೀರಿನ ಮೇಲೆ ಉದ್ದಕ್ಕೆ ಬಿತ್ತು.

ಆ ಕೊಕ್ಕೆಯಲ್ಲಿ ದೀಪ ಉಂಟು ಅಂದರೆ ದೋಣಿ ಉಂಟು ಎಂದರ್ಥ. ಅದು ಅವಳಿಗೆ ನೆನಪಾದದ್ದು ಆಮೇಲೆ.

ಹನ್ನೆರಡಕ್ಕೆ ಡೀಜೆ ನಿಂತಿತು. ಭರ್ತಿ ನೀರು. ಹೊಳೆಗಿಳಿಯುವ ಮೆಟ್ಟಿಲಿನ ಸಂದಿಯಲ್ಲಿ ಗುಳುಕ್... ಗುಳುಕ್... ಅಷ್ಟೇ ಸದ್ದು. ಜಲಜಕ್ಕನಿಗೆ ಜೊಂಪು ಹತ್ತಿತ್ತು.

ಆಚೆ ದಡದಿಂದ ಕೇಳಿತು.

"ಹ್ವಾ...ಯ್... ದೋಣಿಯೇ..."

ಹೆಂಗಸಿನ ಗಂಟಲೋ ಗಂಡಸಿನದೋ ಗೊತ್ತಾಗಲಿಲ್ಲ. ನೀರಿನ ಮೇಲೆ ಜಾರಿಕೊಂಡು ಬಂದ ಸ್ವರ. ಜಲಜಕ್ಕ ಎದ್ದು ಕೂತಳು.

"ಯಾರ್ ಮಾರಾಯ್ತಿ? ಕುಡ್ದವ್ರಾ?"

"ಶ್... ಉತ್ತರ ಕೊಡ್ಬೇಡಿ."

ಅಪ್ಪನ ಮಾತು ಕುಸುಮಳಿಗೆ ಬಾಯಿಪಾಠ. ಒಂದು ಕೂಗಿಗೆ ಏಳುಕಾಗ. ಎರಡಕ್ಕೂ ಏಳುಕಾಗ. ಮೂರನೆಯದಕ್ಕೆ ಕೂಕಂಬುಕಾಗ, ಏಳಲೇಬೇಕು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ಅವರಿಗೆ ದಾಟಲೇಬೇಕಲ್ಲ. ಮತ್ತೊಂದು ಬಗೆಯವರು ಎರಡಕ್ಕೆ ನಿಲ್ಲಿಸುತ್ತಾರೆ. ಹಾಗೆಂದು ಅಪ್ಪ ಹೇಳುತ್ತಿದ್ದ.

"ಹ್ವಾ...ಯ್... ದೋಣಿಯೇ..."

ಎರಡು.

ಕುಸುಮ ಕಾದಳು. ಗುಳುಕ್... ಗುಳುಕ್... ಎಷ್ಟೋ ಹೊತ್ತು. ಸೇತುವೆಯ ಮೇಲೆ ಒಂದು ಮೀನಿನ ಲಾರಿ ಹೋಯಿತು. ಅದರ ಬೆಳಕು ಆಚೆ ದಡವನ್ನು ಒಮ್ಮೆ ಸವರಿತು. ಬರೀ ಕಾಂಡ್ಲ ಪೊದೆ. ಯಾರೂ ಇಲ್ಲ. "ಹೋಯ್ತ್," ಎಂದು ಜಲಜಕ್ಕ ಉಸಿರು ಬಿಟ್ಟಳು.

"ಹ್ವಾ...ಯ್..."

ಮೂರು.

ಸೇತುವೆಯಿದೆ, ಅದಕ್ಕೆ ದೀಪವಿದೆ, ನಡೆದರೆ ಹತ್ತು ನಿಮಿಷ. ದೋಣಿ ಯಾರಿಗೆ ಬೇಕು? ಮನುಷ್ಯರಲ್ಲದಿದ್ದರೆ ಮೂರನೆಯ ಸಲ ಏಕೆ ಕರೆದರು?

"ಆ ದೀಪ ತೆಗಿ ಕುಸುಮಾ... ಒಳಗೆ ತಕಂಡ್ ಬಾ..."

"ತೆಗ್ದ್ರೆ ಆ ಪ್ರವೀಣ ಫೋನ್ ಮಾಡ್ತ. ಬೆಳಗಾಪುದ್ರೊಳಗೆ ಮನಿ ಮಣ್ಣ್ ಆತ್ತ್."

"ನಾವ್ ಉಳೀಕಲ್ದಾ ಮೊದ್ಲ್!"

"ಕರ್ದ ಮೇಲೆ ದಾಟ್ಸುವ ವರೆಗೆ ದೀಪ ತೆಗುಕಾಗ ಜಲಜಕ್ಕ. ಅಪ್ಪಯ್ಯ ಒಂದಿನವೂ ತೆಗಿಲ್ಲೆ."

ಆಮೇಲೆ ಅವಳು ಮಾಡಿದ್ದನ್ನು ಏಕೆ ಮಾಡಿದಳೆಂದು ಅವಳಿಗೇ ಇಂದಿಗೂ ತಿಳಿಯದು. ಜಗಲಿಯ ಅಂಚಿಗೆ ಹೋಗಿ, ಎರಡೂ ಕೈ ಬಾಯಿಗೆ ಒಡ್ಡಿ, ಅಪ್ಪ ಹೇಳುತ್ತಿದ್ದ ಹಾಗೆಯೇ ಉತ್ತರ ಕೊಟ್ಟಳು.

"ಬಂದೇ...!"

ದೋಣಿ ಇಲ್ಲ. ಹದಿನೆಂಟು ವರ್ಷದಿಂದ ಅಲ್ಲಿ ದೋಣಿಯೇ ಇಲ್ಲ.

ಅವಳ ಕಾಲ ಕೆಳಗೆ, ಕಡೆಯ ಮೆಟ್ಟಿಲಿನ ಹತ್ತಿರ, ಬಿದಿರಿನ ಗಳ ಕಲ್ಲಿಗೆ ಒತ್ತಿದ ಸದ್ದಾಯಿತು. ಟಕ್. ಹಲಗೆ ನೀರಿಗೆ ಜಾರಿತು. ಸೊ...ರ್... ಆಮೇಲೆ ಗಳ ನೀರಿಗೆ ಇಳಿಯುವುದು, ಏಳುವುದು. ಡುಬುಕ್... ತಟತಟ... ಡುಬುಕ್... ತಟತಟ... ಸದ್ದು ಆಚೆ ದಡಕ್ಕೆ ಹೋಗುತ್ತಿತ್ತು. ನೀರಿನ ಮೇಲೆ ಏನೂ ಕಾಣುತ್ತಿರಲಿಲ್ಲ.

ಇಬ್ಬರೂ ಹಿಂದಿನ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡರು. ಮರದ ಅಗಳಿ... ಠಕ್.

ಕತ್ತಲೆಯಲ್ಲಿ ಕೂತು ಕೇಳಿದರು. ಕೇಳದೆ ಇರಲು ಆಗಲಿಲ್ಲ. ಡುಬುಕ್... ತಟತಟ... ಈಗ ಈಚೆಗೆ ಬರುತ್ತಿತ್ತು. ದೋಣಿಯ ಮೂಗು ಮರಳಿಗೆ ತಾಗಿತು. ಕರ್ರ್... ಮೆಟ್ಟಿಲಿನ ಮೇಲೆ ಬರಿಗಾಲು. ಒಂದಲ್ಲ, ಎರಡಲ್ಲ. ಒಬ್ಬರ ಹಿಂದೆ ಒಬ್ಬರು... ಬರುತ್ತಲೇ ಇದ್ದರು. ಹಲಸಿನ ಬೆಂಚು ಕಿರ್... ಎಂದಿತು. ಮತ್ತೆ ಕಿರ್... ಮತ್ತೆ. ಬುಟ್ಟಿ ಇಳಿಸಿದ ಸದ್ದು. ಯಾರೋ ನಿಧಾನಕ್ಕೆ ಅಡಿಕೆ ಕತ್ತರಿಸುತ್ತಿದ್ದರು. ಕಟಕ್... ಕಟಕ್...

ಮಾತಿಲ್ಲ. ಒಂದೇ ಒಂದು ಮಾತಿಲ್ಲ.

ಒಂದು ಫರ್ಲಾಂಗ್ ಹೋಗುವ ಗಂಟಲಿನ ಜಲಜಕ್ಕ ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಕೂತಿದ್ದಳು.

ನಾಲ್ಕು ಗಂಟೆಯ ಮೇಲೆ, ಬಾಗಿಲಿನ ಸಂದಿಯಿಂದ ಬರುತ್ತಿದ್ದ ಹಳದಿ ಗೆರೆ ಒಮ್ಮೆ ನಡುಗಿತು. ಕೆಂಪಾಯಿತು. ಇಲ್ಲವಾಯಿತು.

ಎಣ್ಣೆ ಮುಗಿದಿತ್ತು.

ಗೋಳಿಮರದ ಕಡೆಯಿಂದ ಜೆಸಿಬಿ ಕೆಮ್ಮಿ, ಗುರ್ ಎಂದು ಎದ್ದಿತು. ಜೊತೆಗೊಂದು ಜೀಪು. ಎರಡೂ ಬಂದು ಜಗಲಿಯ ಪಕ್ಕಕ್ಕೆ ನಿಂತವು. 'ಯಾರೂ ಇಲ್ಲ' ಎಂದು ಮಹಜರು ಬರೆಯಲು ಪಂಚಾಯತ್ ಕಾರ್ಯದರ್ಶಿಯನ್ನು ನಿದ್ದೆಯಿಂದ ಎಬ್ಬಿಸಿ ಕರೆತಂದಿದ್ದರು. ಆ ಕಾಗದ ಒಂದಾದರೆ ಮುಗಿಯಿತು.

"ಹೊರಗೆ ಹೋಯ್ಕ್," ಎಂದಳು ಕುಸುಮ. "ನಾವ್ ಇತ್ತ್ ಅಂದೇಳಿ ತೋರ್ಸ್ಕ್. ಇಲ್ದಿರೆ ಕೆಡುಗ್ತ್ರ್."

"ಹೋಗ್. ನೀನ್ ಹೋಗ್."

ಕುಸುಮ ಅಗಳಿಯ ಮೇಲೆ ಕೈಯಿಟ್ಟಳು. ನಾಲ್ಕು ತಿಂಗಳಿಂದ ಮನೆಮನೆ ಸುತ್ತಿ ಸಹಿ ಹಾಕಿಸಿದ ಕೈ. ಬಾಗಿಲಿನ ಆಚೆ, ಒಂದು ಗೇಣು ದೂರದಲ್ಲಿ... ಕಟಕ್.

ಕೈ ಅಗಳಿ ತೆಗೆಯಲಿಲ್ಲ.

ಹೊರಗೆ ಕಾರ್ಯದರ್ಶಿಯ ಚಪ್ಪಲಿ ಜಲ್ಲಿಯ ಮೇಲೆ ಚರಕ್ ಚರಕ್ ಎಂದು ಬಂತು. ನಿಂತಿತು. ಕಾರ್ಯದರ್ಶಿ ಮೆಲ್ಲಗೆ ಏನೋ ವಿಚಾರಿಸಿದ್ದು ಕೇಳಿತು. ಚಪ್ಪಲಿ ಬಹಳ ಹೊತ್ತು ನಿಂತೇ ಇತ್ತು. ಆಮೇಲೆ ಅದೇ ಚಪ್ಪಲಿ, ಬಂದದ್ದಕ್ಕಿಂತ ಬೇಗ, ಹಿಂದೆ ಹೋಯಿತು. ಜೀಪು ತಿರುಗಿತು. ಜೆಸಿಬಿಯೂ.

ಬೆಳಕು ಹರಿದ ಮೇಲೆ ಅಗಳಿ ತೆಗೆದರು. ಜಗಲಿ ಖಾಲಿ. ಚಾಪೆ ಹಾಸಿದಲ್ಲೇ ಇತ್ತು. ಬೆಂಚಿನ ಮೇಲೆ ಏನೂ ಇಲ್ಲ, ಮೆಟ್ಟಿಲು ಒಣಗಿತ್ತು, ಅಡಿಕೆಯ ಒಂದು ಚೂರೂ ಇಲ್ಲ. ಹತ್ತು ಗಂಟೆಗೆ ಗೋವರ್ಧನ ಮಾಷ್ಟ್ರು ಸ್ಕೂಟರಿನಲ್ಲಿ ತಡೆಯಾಜ್ಞೆಯ ನಕಲು ತಂದರು. ಹನ್ನೊಂದಕ್ಕೆ ನೂರಾ ನಲವತ್ತೊಂದೂ ಜನ ಬಂದು ಫೋಟೋ ತೆಗೆಸಿಕೊಂಡರು.

ಪ್ರವೀಣನನ್ನು ಕುಸುಮ ಆಮೇಲೆ ಒಮ್ಮೆ ಹೆಮ್ಮಾಡಿಯಲ್ಲಿ ಬಸ್ಸಿಗೆ ಕಾಯುವಾಗ ಕಂಡಳು. ಅವನೇ ಹತ್ತಿರ ಬಂದ.

"ಅಕ್ಕ, ಇಬ್ರೇ ಮನಿಕಂಬುದ್ ಅಂದಿದ್ರ್ ನಂಗೆ..."

"ನೀ ಎಂತ ಕಂಡೆ?"

ಅವನು ಬಸ್ಸು ಬಂತು ಎಂದ. ಬಂದಿರಲಿಲ್ಲ.

ಮನೆ ಈಗಲೂ ನಿಂತಿದೆ. ಕೇಸು ನಡೆಯುತ್ತಿದೆ. ವೈರು ಸರಿಮಾಡಿಸಿ ರಸ್ತೆಯ ಕಡೆಗೆ ಬಲ್ಬು ಹಾಕಿದ್ದಾರೆ. ಹೊಳೆಯ ಕಡೆಯ ಕೊಕ್ಕೆಯನ್ನು ಕುಸುಮ ತಾನೇ ಸುತ್ತಿಗೆ ತಂದು ಕಿತ್ತಳು. ಆದರೂ ಅವಳಿಗೆ ನಿದ್ದೆ ಇಲ್ಲ. ಕಾರಣ ಕೇಳಿದರೆ, ಜಲಜಕ್ಕ ಆ ಬೆಳಿಗ್ಗೆ ಚಾಪೆ ಸುತ್ತುತ್ತಾ ಕೇಳಿದ ಒಂದು ಪ್ರಶ್ನೆಯನ್ನೇ ಹೇಳುತ್ತಾಳೆ. "ಕುಸುಮಾ, ಹೊಳಿ ದಾಟಿ ಈಚಿಗೆ ಬಂದ್ರ್. ಆಚಿಗೆ ಹೋದದ್ದ್ ನಾವ್ ಕೇಂಡಿತ್ತಿಲ್ಲೆ. ಹಂಗಾರೆ ಅವ್ರ್ ಈಗ್ಳ್ ಎಲ್ಲಿದ್ರ್?"

ಇದೆಲ್ಲ ಎರಡು ಹೆಂಗಸರ ಹೆದರಿಕೆ, ರಾತ್ರಿಯ ಗಾಳಿ, ಎನ್ನುವವರು ಇದ್ದಾರೆ. ಇರಲಿ. ಗೋವರ್ಧನ ಮಾಷ್ಟ್ರು ಕೇಸಿಗೆ ಬೇಕೆಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಆ ದಿನದ ಮಹಜರಿನ ನಕಲು ತೆಗೆಸಿದ್ದಾರೆ. ಸಹಿ ಇದೆ, ಸೀಲು ಇದೆ, ಸಮಯ ಬೆಳಗಿನ ಜಾವ 4-40 ಎಂದಿದೆ. ಬೇಕಾದವರು ಅವರ ಮನೆಗೆ ಹೋಗಿ ಓದಬಹುದು. 'ಸದರಿ ಕಟ್ಟಡದ ಜಗಲಿಯಲ್ಲಿ ಮಕ್ಕಳು ಸೇರಿ ಅಂದಾಜು ಇಪ್ಪತ್ಮೂರು ಜನ ಕುಳಿತಿರುವುದು ವಾಹನದ ಬೆಳಕಿನಲ್ಲಿ ಕಂಡುಬಂದಿರುತ್ತದೆ. ಹೆಸರು ವಿಚಾರಿಸಲಾಗಿ ಯಾರೂ ತಿಳಿಸಿರುವುದಿಲ್ಲ. ಕಟ್ಟಡವು ಉಪಯೋಗದಲ್ಲಿ ಇರುವುದರಿಂದ ತೆರವು ಕಾರ್ಯ ಕೈಬಿಡಲಾಗಿದೆ.'

ಅದರ ಕೆಳಗೆ, ಸಹಿಗಿಂತ ಸ್ವಲ್ಪ ಮೇಲೆ, ಅದೇ ಕೈಬರಹದಲ್ಲಿ ಇನ್ನೊಂದು ಸಾಲು ಇದೆ. 'ಮಗು ಈಗಷ್ಟೇ ಮಲಗಿದೆ ಎಂದು ಒಬ್ಬ ಮಹಿಳೆ ಸನ್ನೆ ಮಾಡಿದ್ದರಿಂದ ವಾಹನದ ದೀಪ ಆರಿಸಲಾಯಿತು.'