ಮಾಡು ಅಂದಿದ್ದೇ ತಪ್ಪಾಯ್ತು

...ಅಯ್ಯೋ ಆ ಪುಸ್ತಕ ಅತ್ಲಾಗಿ ಇಡೇ ಕಾವ್ಯ, 'ತರಗತಿ ನಿರ್ವಹಣೆ' ಅಂತೆ, ನಿರ್ವಹಣೆ! ನಿಮ್ ಬಿ.ಎಡ್. ಕಾಲೇಜಿನೋರಿಗೆ ಬೇರೆ ಕಸುಬಿಲ್ವಾ? ನಾನೂ ತಗೊಂಡಿದ್ದೀನಿ ಕಣೇ ಈ ಟ್ರೈನಿಂಗು, ಅದೂ ಯಾವಾಗ, ರಿಟೈರ್ ಆದ್ಮೇಲೆ. ನಗಬೇಡ. ಬೇತಮಂಗಲದ ಸ್ಕೂಲಲ್ಲಿ ಮೂವತ್ತು, ಅಲ್ಲಲ್ಲ, ಮೂವತ್ತೆರಡು ವರ್ಷ ಮಕ್ಳನ್ನ ಮೇಯಿಸಿ, ಸಾಕಪ್ಪಾ ಸಾಕು ಅಂತ ಮೊಣಕಾಲಿಗೆ ಎಣ್ಣೆ ಅಚ್ಕೊಂಡು ಕೂತಿದ್ದೆ. ಆವಾಗ ಊರಿಗಾಂ ಕಡೆಯ ಒಬ್ರು ಎಡ್ಮಾಸ್ಟ್ರು ಮನೆಗೇ ಬಂದು, "ಮೇಡಂ, ಎರಡ್ನೇ ಕ್ಲಾಸಿಗೆ ಟೀಚರೇ ಇಲ್ಲ, ಅತಿಥಿ ಶಿಕ್ಷಕಿ ಆಗಿ ಬನ್ನಿ, ಒಂದೇ ಒಂದು ವರ್ಷ" ಅಂದ್ರು. ನಿಮ್ ತಾತ ಬೇಡ ಅಂದ್ರು. ಬೇಡ ಅಂದ್ರಲ್ಲ, ಅದಕ್ಕೇ ಊ ಅಂದೆ. ಊ ಅಂದಿದ್ದೇ ತಡ, ಬಂಗಾರಪೇಟೇಲಿ ಮೂರು ದಿನ ಟ್ರೈನಿಂಗು, ಬರ್ಲೇಬೇಕು ಅಂತ ಕಾಗದ ಬಂತು.

ಅಲ್ಲೊಬ್ಬ ಟ್ರೈನರು, ನಮ್ ಕಿರಿ ಮಗನ ವಯಸ್ಸು. "ಮೇಡಂ, ಇವತ್ತು ನಾವೆಲ್ಲ ಮಕ್ಕಳಾಗೋಣ" ಅಂತ ನನ್ನ ನೆಲದ ಮೇಲೆ ಕೂರಿಸಿ ಚಪ್ಪಾಳೆ ತಟ್ಟಿಸ್ದ. ಕೂತೋಳನ್ನ ಎಬ್ಬಿಸೋಕೆ ಇಬ್ರು ಬೇಕಾಯ್ತು, ಗೊತ್ತಾ? ಆಮೇಲೆ ಸ್ಕ್ರೀನ್ ಮೇಲೆ ತೋರಿಸ್ದ. "ಗಲಾಟೆ ಮಾಡೋ ಮಗು ಹತ್ರ ಉದ್ದುದ್ದ ಮಾತು ಬೇಡ. ಕೂಗ್ಬೇಡಿ, ಮುದ್ದು ಮಾಡ್ಬೇಡಿ. ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಒಂದೇ ಪದ, ಮೂರು ಸಲ. ಕೂರು, ಕೂರು, ಕೂರು. ಬರಿ, ಬರಿ, ಬರಿ." ನಾನಂದೆ, "ಅಲ್ಲಪ್ಪ, ನಾವು 'ಬಾರಮ್ಮ, ಕೂತ್ಕೊಳಮ್ಮ, ನಮ್ ಬಂಗಾರ ಅಲ್ವಾ' ಅಂತ ಪುಸಲಾಯಿಸಿ ಮೂವತ್ತೆರಡು ವರ್ಷ ತಳ್ಳಿದ್ದೀವಲ್ಲ?" ಅವನು ನಕ್ಕ. "ಅದು ಹಳೇ ಪದ್ಧತಿ ಮೇಡಂ" ಅಂದ. ಹಳೇದಂತೆ! ಮೈಯೆಲ್ಲ ಉರಿದೋಯ್ತು. ಆದ್ರೂ ಮೇಡಂಗೆ ಹೊಸದು ಬರಲ್ಲ ಅನ್ನಿಸ್ಕೋಬಾರ್ದು ನೋಡು, ಆ ಜಂಬ ಒಂದು ನಂಗೆ.

ಕ್ಲಾಸಲ್ಲಿ ಸೆಲ್ವಿ ಅಂತ ಒಂದು ಉಡ್ಗಿ. ಅವ್ರಮ್ಮ ದಿನಾ ಬೆಳಿಗ್ಗೆ ರೈಲಿಡ್ಕೊಂಡು ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲ್ಸಕ್ಕೆ ಓಗೋಳು. ಮಗೂನ ಕೈಗೂಸಿಂದ ತಮಿಳುನಾಡಲ್ಲಿ ಅಜ್ಜಿ ಹತ್ರ ಬಿಟ್ಟಿದ್ಲು, ಆ ವರ್ಷವೇ ಕರ್ಕೊಂಡ್ ಬಂದಿದ್ಲು, ಇನ್ಮೇಲೆ ನನ್ ಜೊತೇನೇ ಇರ್ಲಿ ಅಂತ. ಮಗೀಗೆ ಕನ್ನಡ ಅಷ್ಟಕ್ಕಷ್ಟೇ. ಲೆಕ್ಕ ಬೋರ್ಡ್ ಮೇಲೆ ಬರೆದೆ, ಎಲ್ರೂ ಮಾಡ್ತಾ ಇದ್ದಾರೆ, ಇವ್ಳು ಕಿಟಕಿ ನೋಡ್ತಾ ಕೂತವ್ಳೆ. ಅವ್ಳತ್ರ ಓಗಿ ಎದುರಿಗೆ ನಿಂತೆ, ಕಣ್ಣಲ್ಲಿ ಕಣ್ಣಿಟ್ಟೆ. "ಮಾಡು. ಮಾಡು. ಮಾಡು." ತಗೊಂಡು ಸ್ಲೇಟು ಎಸೆದ್ಲು ನೋಡು! ಇಂದ್ಗಡೆಯಿಂದ ಯಾವನೋ "ಅಂಬಾ" ಅಂದ, ಕ್ಲಾಸೆಲ್ಲ ಗೊಳ್ ಅಂತು. ನನ್ನೇ ಅಣಕಿಸ್ತಾ ಅವ್ರೆ ಅನ್ಕೊಂಡೆ. ಮಾರನೇ ದಿನಾನೂ ಮಾಡು ಮಾಡು ಮಾಡು. ಬೆಂಚು ಒದ್ದ್ಲು. ಮೂರನೇ ಸಲ ನನ್ ಕೈ ಕಚ್ಚಿದ್ಲು, ಇಲ್ಲಿ, ಇದೇ ಜಾಗ. ಆ ಟ್ರೈನಿಂಗಲ್ಲಿ ಒಂದು ಫಾರಂ ಬೇರೆ ಕೊಟ್ಟಿದ್ರು, 'ಸಮಸ್ಯೆಯ ಮಗು' ಅಂತ. ಒಂದಲ್ಲ, ಮೂರು ತುಂಬ್ದೆ. ಎಡ್ಮಾಸ್ಟ್ರು ಅವ್ರಮ್ಮನ್ನ ಕರೆಸಿ, "ಈ ಮಗು ನಮ್ ಕೈಲಾಗಲ್ಲ, ವಾಪಸ್ ಅಜ್ಜಿ ಊರಿಗೇ ಕಳಿಸ್ಬಿಡಮ್ಮ" ಅಂದ್ಬಿಟ್ರು.

ಆ ತಾಯಿ ಕೆಲ್ಸಕ್ಕೆ ರಜಾ ಆಕಿ ಬಂದಿದ್ಲು, ಪಕ್ದಲ್ಲಿ ಸೆಲ್ವಿ ಅವ್ಳ ಸೆರಗಿಡ್ಕೊಂಡು ನಿಂತಿತ್ತು. "ಕಳಿಸ್ತೀನಿ ಸಾರ್, ನಾಳೇನೇ ಕಳಿಸ್ತೀನಿ" ಅಂತ ಕಣ್ಣೊರೆಸ್ಕೊಂಡು ನನ್ ಕಡೆ ತಿರುಗಿದ್ಲು. "ಟೀಚರ್, ಒಂದ್ ಮಾತು ಕೇಳ್ಲಾ? ಕೋಪ ಮಾಡ್ಕೋಬೇಡಿ. ನನ್ ಮಗಳನ್ನ ದಿನಾ ಮಾಡು ಮಾಡು ಅಂತ ಯಾಕೆ ಬಯ್ತೀರಾ? ಮನೇಲಿ ಕನ್ನಡಿ ಮುಂದೆ ನಿಂತು 'ಅಮ್ಮಾ, ನಾನ್ ಮಾಡಾ?' ಅಂತ ಕೇಳ್ತಾಳೆ." ನಾನು, "ಏನಮ್ಮ, ಲೆಕ್ಕ ಮಾಡು ಅನ್ನೋದು ಬಯ್ಗುಳಾನಾ?" ಅಂತ ಎಗರ್ದೆ. ಎಗರಿ ಅಂಗೇ ನಿಂತೋದೆ. ತಮಿಳಲ್ಲಿ ಮಾಡು ಅಂದ್ರೆ ದನ ಕಣೇ! ನಂಗೊತ್ತಿರ್ಲಿಲ್ಲ ಅನ್ಕೊಂಡ್ಯಾ? ಗೊತ್ತಿತ್ತು! ಮನೇಲಿ ತೆಲುಗು, ಬೀದೀಲಿ ಕನ್ನಡ, ಸಂತೇಲಿ ತಮಿಳು, ಇದ್ರಲ್ಲೇ ಬೆಳ್ದೋಳು ನಾನು. 'ಲೆಕ್ಕ ಮಾಡಮ್ಮ ಸೆಲ್ವಿ' ಅಂದಿದ್ರೆ ಮಗೀಗೆ ತಿಳೀತಿತ್ತು. ಒಂದೇ ಪದ, ಮೂರು ಸಲ, ಮುಖಕ್ಕೆ ಮುಖ ಕೊಟ್ಟು ದನ ದನ ದನ ಅಂದಿದ್ದೀನಿ, ಏಳು ವರ್ಷದ ಕೂಸಿಗೆ. ನಾಚ್ಕೆಯಾಯ್ತು ಕಾವ್ಯ, ಅಷ್ಟು ನಾಚ್ಕೆ ನಂಗೆ ಯಾವತ್ತೂ ಆಗಿರ್ಲಿಲ್ಲ.

ಬಗ್ಗೋಕಾಗಲ್ಲ, ಆದ್ರೂ ಬಗ್ಗಿ, ಸ್ಲೇಟಲ್ಲಿ ಎರಡು ಲೆಕ್ಕ ಬರ್ದು ಕೊಟ್ಟು, ಬಾಯಿಗೆ ಬಂದಷ್ಟು ತಮಿಳಲ್ಲಿ, "ಕಣಕ್ಕು ಪೋಡು ಕಣ್ಣು" ಅಂದೆ. ಲೆಕ್ಕ ಮಾಡು ಚಿನ್ನ ಅಂತ. ನನ್ನ ನೋಡ್ತು, ಅವ್ರಮ್ಮನ್ನ ನೋಡ್ತು. ಬಳಪ ತಗೊಂಡು ನಾನ್ ಕೊಟ್ಟ ಎರಡೂ ಲೆಕ್ಕ ಮಾಡ್ತು. ಎರಡೂ ಸರಿ! ಅಷ್ಟು ದಿನದಿಂದ ಬರ್ತಿತ್ತು ಅದಕ್ಕೆ! ಅವ್ರಮ್ಮ ನಿಂತಲ್ಲೇ, "ಆಗಿದ್ರೆ ಟೀಚರ್... ಕಳಿಸ್ಬೇಕಾ, ಬೇಡ್ವಾ?" ಅಂದ್ಲು. "ಕಳಿಸೋದಾದ್ರೆ ನನ್ನ ಕಳಿಸ್ಬೇಕು ತಾಯಿ" ಅಂದೆ. ಎಡ್ಮಾಸ್ಟ್ರು "ಫಾರಂ ಮೇಲಕ್ಕೆ ಓಗ್ಬೇಕು ಮೇಡಂ" ಅಂತಿದ್ದಂಗೇ ಮೂರನ್ನೂ ಅವ್ರ ಮುಂದೇನೇ ಅರಿದು ಬಿಸಾಕ್ದೆ. ಸೆಲ್ವಿ ಅಲ್ಲೇ ಓದ್ತಾ ಅವ್ಳೆ, ಅವ್ರಮ್ಮನ ಜೊತೇನೇ ಅವ್ಳೆ. ನೋಡಮ್ಮಿ, ನಾಳೆ ನೀನೂ ಟೀಚರ್ ಆಗೋಳು, ಮಗು ಕಚ್ತು ಅಂದ್ರೆ ಮೊದ್ಲು ನಿನ್ ಬಾಯಿಂದ ಏನ್ ಬಿತ್ತು ಅಂತ ನೋಡ್ಕೊ. ಉಂ, ಏಳು, ಕಾಫಿಗಿಡು.