ಉತ್ತರ ಬಾರದಿದ್ದರೆ ಬೇಡವೆಂದೇ ಅರ್ಥ: ಶ್ರವಣ ಗ್ರಂಥಾಲಯದ ಧ್ವನಿಗಳ ಕುರಿತು ಹೇಳಿಕೆ

ಶ್ರವಣ ಗ್ರಂಥಾಲಯದಲ್ಲಿ ‘ಕರಡುತಾತ’ ಎಂದೇ ಎಲ್ಲರೂ ಗುರುತಿಸುವ ನಾನು, ವಯಸ್ಸು ಎಪ್ಪತ್ತಮೂರು ವರ್ಷ, ಉದ್ಯೋಗ ಮುದ್ರಣಾಲಯದಲ್ಲಿ ಕರಡು ತಿದ್ದುವುದು, ಅದರಿಂದ ನಿವೃತ್ತ, ಈಗ ಸದರಿ ಗ್ರಂಥಾಲಯದಲ್ಲಿ ಸಂಬಳವಿಲ್ಲದ ಉಚ್ಚಾರಣ ಪರಿಶೀಲಕ, ವಾಸ ಗ್ರಂಥಾಲಯದ ಹಿಂದಿನ ಬೀದಿಯಲ್ಲಿ ಹೊಲಿಗೆ ಯಂತ್ರ ದುರಸ್ತಿ ಅಂಗಡಿಯ ಮೇಲ್ಮಹಡಿ, ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಯಪಡಿಸುವ ಸಂಗತಿ ಹೀಗಿದೆ. ಇತರರ ಮಾತುಗಳನ್ನು ಆಡಿದಂತೆಯೇ ಬರೆದುಕೊಳ್ಳಬೇಕೆಂದು ಠಾಣೆಯ ಬರಹಗಾರರನ್ನು ಮೊದಲೇ ಕೋರಿದ್ದೇನೆ. ಅವರು ಒಪ್ಪಿದ್ದಾರೆ.

ಸದರಿ ಗ್ರಂಥಾಲಯದಲ್ಲಿ ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿಸಿ ಧ್ವನಿಮುದ್ರಿಸಿ ಇಡಲಾಗುತ್ತದೆ. ನನ್ನ ಹೆಂಡತಿ ಅಲ್ಲಿ ಹನ್ನೊಂದು ವರ್ಷ ಓದುಗಾರ್ತಿಯಾಗಿದ್ದಳು. ಮೂವತ್ತೆಂಟು ಪುಸ್ತಕಗಳನ್ನು ಓದಿದ್ದಾಳೆ. ಅವಳು ಗಾಜಿನ ಒಳಗೆ, ನಾನು ಗಾಜಿನ ಹೊರಗೆ ಕುಳಿತಿರುತ್ತಿದ್ದೆವು. ಅವಳು ಮಹಾಪ್ರಾಣ ನುಂಗಿದಾಗ ನಾನು ಪೆನ್ನಿನಿಂದ ಗಾಜು ತಟ್ಟುತ್ತಿದ್ದೆ. ಅವಳು ನನ್ನತ್ತ ನೋಡದೆ ಆ ವಾಕ್ಯವನ್ನು ಮೊದಲಿನಿಂದ ಓದುತ್ತಿದ್ದಳು. ಎರಡು ವರ್ಷಗಳ ಹಿಂದೆ ಅವಳು ತೀರಿಕೊಂಡಳು. ಕೊನೆಯ ಪುಸ್ತಕ ಒಬ್ಬ ದೋಣಿಗಾರನ ಜೀವನಕಥೆ. ಅದರ ಏಳನೆಯ ಅಧ್ಯಾಯದ ನಡುವೆ ಅವಳು ಕೆಮ್ಮಿದ್ದಾಳೆ.

ಆ ಕೆಮ್ಮಿನ ವಿಷಯವನ್ನು ಹೇಳಬೇಕಾಗಿದೆ. ಅವಳು ತೀರಿಕೊಂಡ ಮರುತಿಂಗಳು ಗ್ರಂಥಾಲಯದ ಕಂಪ್ಯೂಟರ್ ನಿರ್ವಾಹಕಿಯು ಆ ಅಧ್ಯಾಯವನ್ನು ಅಂತಿಮಗೊಳಿಸುತ್ತಿದ್ದಳು. ಈ ನಿರ್ವಾಹಕಿಯ ಮೇಲೆಯೇ ಈಗ ದೂರು ದಾಖಲಾಗಿರುವುದು. ಆಕೆಗೆ ಮೂವತ್ತನಾಲ್ಕು ವರ್ಷ, ನನ್ನನ್ನು ತಾತ ಎನ್ನುತ್ತಾಳೆ. ಅಂದು ಆಕೆ ಯಂತ್ರವನ್ನು ನಿಲ್ಲಿಸಿ, “ತಾತ, ಇಲ್ಲಿ ಕೆಮ್ಮು ಬಂದಿದೆ. ತೆಗೆದುಬಿಡ್ಲಾ?” ಎಂದು ಕೇಳಿದಳು. ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಆಕೆ ಕಾದಳು. ಎರಡನೆಯ ಸಲ ಕೇಳಲಿಲ್ಲ. ನಾನು ಕನ್ನಡಕ ಒರೆಸಿ ಮುಗಿಸಿದ ಮೇಲೆ, “ನೀವು ಹೂಂ ಅನ್ನಲಿಲ್ಲ. ಹಾಗಾದ್ರೆ ಬೇಡ ಅಂತಲೇ ಲೆಕ್ಕ. ಇರಲಿ ಬಿಡಿ” ಎಂದು ಮುಂದಿನ ಅಧ್ಯಾಯಕ್ಕೆ ಹೋದಳು. ಕೆಮ್ಮು ಇದ್ದಲ್ಲಿಯೇ ಉಳಿಯಿತು.

ಧ್ವನಿಮುದ್ರಣಗಳು ‘ಮೂಲ’ ಎಂಬ ಉಗ್ರಾಣದಲ್ಲಿರುತ್ತವೆ. ತಿದ್ದುವಾಗ ಮಾಡಿಕೊಂಡ ತಾತ್ಕಾಲಿಕ ಪ್ರತಿಗಳು ‘ಕರಡು’ ಎಂಬಲ್ಲಿರುತ್ತವೆ. ಕರಡುಗಳನ್ನು ಆಗಾಗ ಅಳಿಸಿ ಜಾಗ ಮಾಡಬೇಕು. ಅದಕ್ಕಾಗಿ ಒಂದು ಶೆಲ್ ಸ್ಕ್ರಿಪ್ಟ್ ಇದೆ. ಕಂಪ್ಯೂಟರು ಒಂದಾದ ಮೇಲೊಂದರಂತೆ ಮಾಡಬೇಕಾದ ಕೆಲಸಗಳನ್ನು ಬರೆದಿಟ್ಟ ಆಜ್ಞೆಗಳ ಸಾಲು ಅದು. ಅಳಿಸುವ ಮೊದಲು ಅದು ನಮ್ಮನ್ನು ಕೇಳಬೇಕು. ಹಳೆಯ ಸ್ಕ್ರಿಪ್ಟು ಪ್ರತಿಯೊಂದಕ್ಕೂ ಕೇಳುತ್ತಿತ್ತು. ಇಂಗ್ಲಿಷಿನ ವೈ ಎಂಬ ಒಂದು ಅಕ್ಷರ ಒತ್ತಿದರೆ ಸಮ್ಮತಿ. ಏನನ್ನೂ ಬರೆಯದೆ ಬರಿದೇ ಎಂಟರ್ ಒತ್ತಿದರೂ ಸಮ್ಮತಿ. ಮುನ್ನೂರು ಪ್ರಶ್ನೆಗಳನ್ನು ಓದುವ ತಾಳ್ಮೆ ಯಾರಿಗಿದೆ? ಪರದೆಯನ್ನು ನೋಡದೆ, ಪಕ್ಕದವರೊಡನೆ ಹರಟುತ್ತ ಎಲ್ಲರೂ ಎಂಟರ್ ಒತ್ತುತ್ತಿದ್ದರು. ನಾನೂ ಒತ್ತಿದ್ದೇನೆ.

ಕಳೆದ ತಿಂಗಳು ಎರಡನೆಯ ಪ್ರತಿ ಇಡುವ ಡಿಸ್ಕು ಕೆಟ್ಟು ದುರಸ್ತಿಗೆ ಹೋಯಿತು. ಅಲ್ಲಿಂದೀಚೆಗೆ ಮೂಲ ಉಗ್ರಾಣದಲ್ಲಿರುವುದೇ ಏಕೈಕ ಪ್ರತಿ. ಆಗ ನಿರ್ವಾಹಕಿಯು ಸ್ಕ್ರಿಪ್ಟನ್ನು ಬದಲಾಯಿಸಿದಳು. ಪ್ರಶ್ನೆಯ ವಾಕ್ಯವನ್ನು ನನಗೆ ತೋರಿಸಿದಳು. ‘ನೀವು ಖಚಿತವೇ?’ ಎಂದು ಬರೆದಿದ್ದಳು. ಇದು ಯಾವ ಮನುಷ್ಯನೂ ಇನ್ನೊಬ್ಬನನ್ನು ಕೇಳುವ ಮಾತಲ್ಲ, ಯಾವುದನ್ನು ಏನು ಮಾಡಲಿದ್ದೀಯೆ ಎಂಬುದನ್ನು ಹೇಳಿ ಕೇಳು ಎಂದೆ. ಅದರಂತೆ ಆಕೆ, ಇಂತಹ ಉಗ್ರಾಣದ ಇಷ್ಟು ಧ್ವನಿಮುದ್ರಣಗಳನ್ನು ಮರಳಿ ಪಡೆಯಲಾಗದಂತೆ ಅಳಿಸಬೇಕೇ, ಎಂದು ತಿದ್ದಿದಳು. ಒಂದೇ ಪ್ರಶ್ನೆ. ‘ಹೌದು’ ಎಂದು ಪೂರ್ತಿ ಬರೆದರೆ ಮಾತ್ರ ಸಮ್ಮತಿ. ಬರಿದೇ ಎಂಟರ್ ಒತ್ತಿದರೆ ‘ಬೇಡ’ ಎಂದು ಅರ್ಥ. ಬೇರೇನಾದರೂ ಬರೆದರೆ ಮತ್ತೆ ಕೇಳುತ್ತದೆ. ಮೂರು ಸಲವೂ ಸ್ಪಷ್ಟ ಉತ್ತರ ಬಾರದಿದ್ದರೆ ಏನನ್ನೂ ಮುಟ್ಟದೆ ಮುಗಿಸಿಬಿಡುತ್ತದೆ.

ಮೊದಲ ದಿನವೇ ನಾನು ‘ಆಗಲಿ’ ಎಂದು ಬರೆದೆ. ಅದು ಒಪ್ಪಲಿಲ್ಲ. ಆಗಲಿ ಎಂಬುದೂ ಒಪ್ಪಿಗೆಯೇ, ಇಷ್ಟು ಕನ್ನಡವೂ ಬಾರದ ಯಂತ್ರವೇ ಎಂದು ನಿರ್ವಾಹಕಿಯ ಮುಂದೆ ಗೊಣಗಿದೆ. “ನೀವು ಆಗಲಿ ಅನ್ನೋದು ಮನಸ್ಸಿಲ್ದೇ ಇದ್ದಾಗ, ತಾತ. ಅಜ್ಜಿ ಪೇಟೆಗೆ ಹೋಗೋಣ ಅಂದಾಗ ಹಾಗೇ ಅಂತಿದ್ರಿ” ಎಂದಳು. ಒಂದಕ್ಷರ ಸಾಲದೇ ಎಂದು ಕೇಳಿದ್ದಕ್ಕೆ, “ಒಂದಕ್ಷರಕ್ಕೆ ಬೆರಳು ತಾನಾಗೇ ಹೋಗಿ ಬೀಳುತ್ತೆ. ಪೂರ್ತಿ ಬರೆಯೋಷ್ಟರಲ್ಲಿ ಕಣ್ಣು ಒಂದ್ಸಲ ಮೇಲೆ ಹೋಗಿ ಬರುತ್ತೆ. ಅಷ್ಟು ಸಾಕು ನಂಗೆ” ಎಂದು ಉತ್ತರಿಸಿದಳು.

ಇದೇ ತಿಂಗಳ ಹದಿನೆಂಟನೆಯ ತಾರೀಖು, ಮಂಗಳವಾರ, ನಿರ್ವಾಹಕಿಯು ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ರಜೆಯಲ್ಲಿದ್ದಳು. ಮಧ್ಯಾಹ್ನ ಮೂರು ಗಂಟೆಗೆ ನಾನು, ಧ್ವನಿಮುದ್ರಣಗಳನ್ನು ಕುಳಿತು ಕೇಳುವ ಕೊಠಡಿಯಾದ ಕೇಳುಮನೆಯಲ್ಲಿದ್ದೆ. ನನ್ನ ಪಕ್ಕದಲ್ಲಿ ‘ಟೆಲಿಫೋನ್ ಅಕ್ಕ’ ಕುಳಿತಿದ್ದರು. ಇವರು ಹಿಂದೆ ದೂರವಾಣಿ ವಿನಿಮಯ ಕೇಂದ್ರದಲ್ಲಿದ್ದವರು, ಹುಟ್ಟಿನಿಂದ ದೃಷ್ಟಿಯಿಲ್ಲ, ನನ್ನ ಹೆಂಡತಿಯ ಓದನ್ನಲ್ಲದೆ ಬೇರೆಯವರದನ್ನು ಕೇಳಲು ಒಪ್ಪುವುದಿಲ್ಲ. ಅಂದು ದೋಣಿಗಾರನ ಪುಸ್ತಕ ನಡೆಯುತ್ತಿತ್ತು.

ಅದೇ ವೇಳೆಗೆ ಗ್ರಂಥಾಲಯದ ವ್ಯವಸ್ಥಾಪಕರು ಪಕ್ಕದ ಕೊಠಡಿಯಲ್ಲಿ ಕರಡುಗಳನ್ನು ಅಳಿಸಲು ಕುಳಿತರು. ಡಿಸ್ಕು ತುಂಬಿ ಮರುದಿನದ ಧ್ವನಿಮುದ್ರಣಕ್ಕೆ ಜಾಗವಿರಲಿಲ್ಲ. ಅವರಿಗೆ ಪರಿಚಯದವರೊಬ್ಬರು ಒಂದು ಉಪಾಯವನ್ನು ಹೇಳಿಕೊಟ್ಟಿದ್ದರಂತೆ. ಯಾರೂ ಕೀಲಿ ಒತ್ತದಿದ್ದರೂ ವೈ, ವೈ, ವೈ ಎಂದು ಕೊನೆಯಿಲ್ಲದೆ ಉತ್ತರ ಒದಗಿಸುತ್ತಲೇ ಇರುವ ಆಜ್ಞೆಯೊಂದಿದೆ. ಅದನ್ನು ಸ್ಕ್ರಿಪ್ಟಿಗೆ ಜೋಡಿಸಿದರೆ ಕುಳಿತು ಒತ್ತುವ ಕೆಲಸವಿಲ್ಲ. ವ್ಯವಸ್ಥಾಪಕರು ಬಾಗಿಲಲ್ಲಿ ನಿಂತು, “ಯಜಮಾನ್ರೇ, ಇನ್ಮೇಲೆ ನಮ್ಮ ಪರವಾಗಿ ಹೂಂಗುಟ್ಟೋಕೆ ಒಬ್ಬನನ್ನ ಇಟ್ಕೊಂಡಿದೀನಿ” ಎಂದು ನಕ್ಕರು. ಟೆಲಿಫೋನ್ ಅಕ್ಕ, “ಕಥೆ ಕೇಳದೇ ಹೂಂಗುಟ್ಟೋನು ನಮ್ಮನೇಲೂ ಒಬ್ಬ ಇದ್ದ. ಮದುವೆಯಾಗಿ ಮೂವತ್ತು ವರ್ಷ ಅವನಿಗೆ ಒಂದು ಕಥೇನೂ ಗೊತ್ತಾಗ್ಲಿಲ್ಲ” ಎಂದರು. ವ್ಯವಸ್ಥಾಪಕರು ನಗುತ್ತಲೇ ಒಳಗೆ ಹೋದರು.

ಪಟ್ಟಿಯಲ್ಲಿ ‘ಕರಡು’ ಮತ್ತು ‘ಮೂಲ’ ಒಂದರ ಕೆಳಗೊಂದು ಇವೆ. ಅವರು ಕಣ್ತಪ್ಪಿ ಮೂಲವನ್ನು ಆರಿಸಿದರು. ಸುಮಾರು ಮೂರೂಕಾಲಿಗೆ ಒಳಗಿನಿಂದ ಕುರ್ಚಿ ಉರುಳಿದ ಸದ್ದು ಕೇಳಿಸಿತು. ಅದರ ಹಿಂದೆಯೇ ಕೇಳುಮನೆಯಲ್ಲಿ ನನ್ನ ಹೆಂಡತಿಯ ಧ್ವನಿ ನಿಂತಿತು. ದೋಣಿಗಾರನು ಹುಟ್ಟನ್ನು ಎತ್ತಿ, ಎಂಬಲ್ಲಿಗೆ ನಿಂತಿತು. ಟೆಲಿಫೋನ್ ಅಕ್ಕ ಕೈಯನ್ನು ಗಾಳಿಯಲ್ಲಿ ಚಾಚಿ ನನ್ನ ತೋಳನ್ನು ಹಿಡಿದು, “ನಿಮ್ಮವರು ಅರ್ಧ ಮಾತಲ್ಲಿ ನಿಲ್ಲಿಸೋರಲ್ಲ” ಎಂದರು.

ನಾನು ಒಳಗೆ ಹೋದಾಗ ವ್ಯವಸ್ಥಾಪಕರ ಕೈಯಲ್ಲಿ ಉಗ್ರಾಣದ ಡಿಸ್ಕಿನಿಂದ ಕಿತ್ತ ತಂತಿ ಇತ್ತು. ಪರದೆಯ ಮೇಲೆ ಮೂಲ ಎಂಬ ಹೆಸರನ್ನು ಕಂಡೊಡನೆ ಗಾಬರಿಯಾಗಿ ಎಳೆದಿದ್ದರು. ಮತ್ತೆ ಉಗ್ರಾಣವನ್ನು ತೆರೆದು ನೋಡಿದರೆ ಬರಿದಾಗಿತ್ತು. “ಆರ್ನೂರು ಪುಸ್ತಕ ಹೋಯ್ತು ಯಜಮಾನ್ರೇ” ಎಂದರು. ಗಾಜಿನ ಕೋಣೆಯಲ್ಲಿ ಅವಳು ಕೂರುತ್ತಿದ್ದ ಕುರ್ಚಿಯ ಮೇಲೆ ಯಾರೋ ಕೊಡೆ ಇಟ್ಟಿದ್ದರು. ಅದನ್ನು ತೆಗೆದು ಮೂಲೆಯಲ್ಲಿ ನಿಲ್ಲಿಸಿ ಬಂದೆ. ಏಕೆಂದು ತಿಳಿಯದು.

ವ್ಯವಸ್ಥಾಪಕರು ನಿರ್ವಾಹಕಿಗೆ ನಾಲ್ಕು ಬಾರಿ ಕರೆ ಮಾಡಿದರೂ ಆಕೆ ಎತ್ತಲಿಲ್ಲ. ಸ್ಕ್ರಿಪ್ಟನ್ನು ಆಕೆ ಇತ್ತೀಚೆಗೆ ಬದಲಾಯಿಸಿದ್ದಳೆಂಬುದು ಅವರ ನೆನಪಿಗೆ ಬಂದು, ಬೇಕೆಂದೇ ಹೀಗೆ ಮಾಡಿಟ್ಟಿದ್ದಾಳೆಂದು ಅವರು ಠಾಣೆಗೆ ದೂರು ಕೊಟ್ಟರು. ದುಡುಕಬೇಡಿ ಎಂದು ನಾನು ಹೇಳಿದೆ. ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವರ ತಂದೆಯ ಓದೂ ಆ ಉಗ್ರಾಣದಲ್ಲಿದೆಯೆಂಬುದನ್ನು ಇಲ್ಲಿ ನಮೂದಿಸಬೇಕು.

ಸಂಜೆ ಐದು ಗಂಟೆಗೆ ಸಬ್ ಇನ್ಸ್‌ಪೆಕ್ಟರರು ಬಂದರು. ಅರ್ಧ ಗಂಟೆಯ ನಂತರ ನಿರ್ವಾಹಕಿಯು ಆಸ್ಪತ್ರೆಯಿಂದ ನೇರವಾಗಿ ಬಂದಳು. ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗೆ ಫೋನನ್ನು ಮುಚ್ಚಿಡಲು ಹೇಳಿದ್ದರಂತೆ. ನೀನೇ ಅಳಿಸುವಂತೆ ಮಾಡಿದ್ದೀಯೆಂದು ದೂರು ಬಂದಿದೆ, ಏನು ಹೇಳುತ್ತೀ ಎಂದು ಸಬ್ ಇನ್ಸ್‌ಪೆಕ್ಟರರು ಕೇಳಿದರು. ಆಕೆ ಪರದೆಯ ಮೇಲಿದ್ದ ಸಾಲುಗಳನ್ನು ಓದಿದಳು. ನಾವು ಯಾರೂ ಓದಿರಲಿಲ್ಲ. ಒಂದೇ ಪ್ರಶ್ನೆ ಮೂರು ಸಲ, ಪ್ರತಿಯೊಂದಕ್ಕೂ ವೈ ಎಂಬ ಉತ್ತರ, ಅದರ ಕೆಳಗೆ ಈ ವಾಕ್ಯ: ‘ಸ್ಪಷ್ಟ ಉತ್ತರ ಬರಲಿಲ್ಲ. ಏನನ್ನೂ ಅಳಿಸಿಲ್ಲ.’ ವ್ಯವಸ್ಥಾಪಕರು ತಂತಿ ಕೀಳುವ ಮೊದಲೇ ಸ್ಕ್ರಿಪ್ಟು ತನ್ನಷ್ಟಕ್ಕೆ ನಿಂತುಬಿಟ್ಟಿತ್ತು. ವೈ ಎಂಬುದನ್ನು ಅದು ಒಪ್ಪುವುದಿಲ್ಲವೆಂದು ತಿಳಿದಿದ್ದ ನನಗೂ ಆ ಗಾಬರಿಯಲ್ಲಿ ಅದು ಹೊಳೆದಿರಲಿಲ್ಲ. ಕೇಳುಮನೆಯಲ್ಲಿ ಧ್ವನಿ ನಿಂತದ್ದೂ, ಉಗ್ರಾಣ ಬರಿದಾಗಿ ಕಂಡದ್ದೂ ತಂತಿಯಿಲ್ಲದ ಕಾರಣಕ್ಕೆ.

“ತಂತಿ ಕೊಡಿ ಸಾರ್” ಎಂದು ಆಕೆ ವ್ಯವಸ್ಥಾಪಕರ ಕೈಯಿಂದ ಅದನ್ನು ಇಸಿದುಕೊಂಡಳು. ಅವರು ಅಲ್ಲಿಯವರೆಗೂ ಅದನ್ನು ಬಿಟ್ಟಿರಲಿಲ್ಲ. ಜೋಡಿಸಿ, ಒಂದು ಪರೀಕ್ಷೆ ನಡೆಸಿ, ಆರುನೂರ ಹನ್ನೆರಡೂ ಇವೆಯೆಂದು ಹೇಳಿದಳು. ಆಮೇಲೆ ಯಾರೂ ಕೇಳದಿದ್ದರೂ ದೋಣಿಗಾರನ ಏಳನೆಯ ಅಧ್ಯಾಯವನ್ನು ಹಾಕಿದಳು. ನನ್ನ ಹೆಂಡತಿ ಓದಿದಳು, ಕೆಮ್ಮಿದಳು, ಕ್ಷಮಿಸಿ ಎನ್ನದೆ ಮುಂದುವರಿದಳು. ಕೇಳುಮನೆಯಿಂದ ಟೆಲಿಫೋನ್ ಅಕ್ಕ, “ಬಂದ್ರಾ? ಸರಿ, ಬಾಗಿಲು ಹಾಕ್ಕೊಳ್ಳಿ, ನಿಮ್ಮ ಗಲಾಟೇಲಿ ಏನೂ ಕೇಳಲ್ಲ” ಎಂದರು.

ಸಬ್ ಇನ್ಸ್‌ಪೆಕ್ಟರರು ಬೇರೆಲ್ಲಕ್ಕಿಂತ ಒಂದನ್ನು ತಿಳಿಯಬಯಸಿದರು. ಸುಮ್ಮನಿದ್ದರೆ ಬೇಡವೆಂದು ಅರ್ಥ ಮಾಡುವುದೇಕೆ, ಎಂದು ನಿರ್ವಾಹಕಿಯನ್ನು ಕೇಳಿದರು. ತಮ್ಮ ಮನೆಯಲ್ಲಿ ತಾವು ಸುಮ್ಮನಿದ್ದರೆ ಹೂಂ ಎಂದೇ ತೆಗೆದುಕೊಳ್ಳುತ್ತಾರೆಂದೂ, ಕಳೆದ ವಾರ ಹಾಗೆಯೇ ಒಂದು ಸೋಫಾ ಬಂತೆಂದೂ ಹೇಳಿದರು. ಆಕೆ, “ಸೋಫಾ ಆದ್ರೆ ವಾಪಸ್ ಕಳಿಸಬಹುದು ಸಾರ್” ಎಂದು ಹೇಳಿ, ಒಮ್ಮೆ ನನ್ನ ಕಡೆ ನೋಡಿದಳು.

ವ್ಯವಸ್ಥಾಪಕರು ಅಲ್ಲಿಯೇ ಆಕೆಯ ಕ್ಷಮೆ ಕೇಳಿದ್ದಾರೆ. ಆದರೆ ದಾಖಲಾದ ದೂರು ತಾನಾಗಿ ಅಳಿಯುವುದಿಲ್ಲವೆಂದೂ, ಕಂಡವರ ಹೇಳಿಕೆ ಬೇಕೆಂದೂ ತಿಳಿದು ಇಂದು ನಾನು ಬಂದಿದ್ದೇನೆ. ಸದರಿ ನಿರ್ವಾಹಕಿಯು ಏನನ್ನೂ ಹಾಳು ಮಾಡಿಲ್ಲ. ಆರುನೂರ ಹನ್ನೆರಡು ಪುಸ್ತಕಗಳು ಆಕೆಯಿಂದ ಉಳಿದಿವೆ. ನನ್ನ ಹೆಂಡತಿಯ ಕೆಮ್ಮನ್ನು ಆಕೆ ಎರಡು ಸಲ ಉಳಿಸಿಕೊಟ್ಟಿದ್ದಾಳೆ. ಆಕೆಗೆ ನಾನು ಋಣಿ. ಕೃತಜ್ಞತೆಗೆ ಹೇಳಿಕೆಯಲ್ಲಿ ಅಂಕಣವಿಲ್ಲವೆಂದು ಬರಹಗಾರರು ತಿಳಿಸಿದರು. ಇದ್ದ ಜಾಗದಲ್ಲಿಯೇ ಬರೆದುಕೊಳ್ಳಿ ಎಂದಿದ್ದೇನೆ. ದೂರನ್ನು ಮುಕ್ತಾಯಗೊಳಿಸಿ, ಆಕೆಯ ಹೆಸರಿನ ಮುಂದೆ ಯಾವ ಗುರುತೂ ಉಳಿಯದಂತೆ ನೋಡಿಕೊಳ್ಳಬೇಕೆಂದು ಪ್ರಾರ್ಥನೆ.

ಬರೆದದ್ದನ್ನೆಲ್ಲ ಬರಹಗಾರರು ನನಗೆ ಓದಿ ಹೇಳಿದರು. ಮೂರು ಕಡೆ ಒತ್ತಕ್ಷರ ತಿದ್ದಿಸಿದ್ದೇನೆ. ಇದೆಲ್ಲವೂ ನಿಜವೇ ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನು ತಾವೇ ಬರೆಯಲು ಪೆನ್ನನ್ನು ಕಾಗದಕ್ಕೆ ಇಟ್ಟರು. ಸ್ವಲ್ಪ ತಡೆಯಿರಿ ಎಂದು ಕೋರಿ, ಮೊದಲಿನಿಂದ ಕೊನೆಯವರೆಗೆ ನಾನೇ ಇನ್ನೊಮ್ಮೆ ಓದಿ, ಕೆಳಗಿನ ಉತ್ತರವನ್ನು ಸ್ವಹಸ್ತದಿಂದ ಪೂರ್ತಿಯಾಗಿ ಬರೆದಿದ್ದೇನೆ.

ಹೌದು.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಹತ್ತೊಂಬತ್ತನೆಯ ತಾರೀಖು, ಬುಧವಾರ
(ಸಹಿ) ಕರಡುತಾತ
ನನ್ನ ಸಮಕ್ಷಮ: (ಸಹಿ) ಠಾಣಾ ಬರಹಗಾರ